ಮಗ್ಗಲು ಬದಲಿಸುವ ಮಗ

ಮಗ ಅಂದರೆ ಹೇಗಿರಬೇಕು ಎಂದು ಆನೆಗೊಂದಿ ಸೀಮೆಯ ಹಿರಿಯರನ್ನು ಕೇಳಿ ನೋಡಿ, ಗಂಡುಗಲಿ ಕುಮಾರರಾಮನ ಹೆಸರು ತಾನಾಗಿ ಬರುತ್ತದೆ. ಗಂಗಾವತಿ ಸೀಮೆಯ ಕುಮ್ಮಟದುರ್ಗ ಅವನ ಕೋಟೆ. ಮುಪ್ಪಿನಲ್ಲಿದ್ದ ಅವನ ಅಪ್ಪ ಕಂಪಿಲರಾಯ ಕಿರಿಯ ಹೆಂಡತಿ ರತ್ನಾಜಿಯ ಸುಳ್ಳು ದೂರು ನಂಬಿ ಮಗನ ತಲೆ ತೆಗೆಯಲು ಅಪ್ಪಣೆ ಕೊಟ್ಟ. ಮಂತ್ರಿ ಬೈಚಪ್ಪ ಹುಡುಗನನ್ನು ಗುಟ್ಟಾಗಿ ಅಡಗಿಸಿಟ್ಟು ಉಳಿಸಿಕೊಂಡ. ದಿಲ್ಲಿಯ ದಂಡು ಕೋಟೆ ಮುತ್ತಿದಾಗ ಅದೇ ಮಗ ಹೊರಬಂದು ಅಪ್ಪನ ರಾಜ್ಯಕ್ಕಾಗಿ ಕಾದಾಡಿ ಮಡಿದ. ಜನಪದ ಹೇಳುವ ಕಥೆ ಇದು. ಚರಿತ್ರೆಯ ಲೆಕ್ಕದಲ್ಲಿ 1327ರ ಆಸುಪಾಸು. ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಸರೆ ಕೊಟ್ಟಿದ್ದೇ ಮುತ್ತಿಗೆಗೆ ನೆಪ.

ತುಂಗಭದ್ರಾ ಹೊಳೆಯ ಈ ದಂಡೆಯನ್ನು ಕಿಷ್ಕಿಂಧೆ ಎಂದು ನಂಬಿದವರಿಗೆ ರಾಮಾಯಣದ ಮಕ್ಕಳೂ ಹತ್ತಿರದವರೇ. ಅಪ್ಪನ ಮಾತಿಗಾಗಿ ಕಾಡಿಗೆ ಬಂದ ರಾಮ, ಕುರುಡು ತಂದೆತಾಯಿಯನ್ನು ಹೊತ್ತು ತಿರುಗಿದ ಶ್ರವಣಕುಮಾರ. ಮಹಾಭಾರತದ ಕಡೆ ಹೋದರೆ ಯಯಾತಿಗೆ ತನ್ನ ಯೌವನವನ್ನೇ ಕೊಟ್ಟ ಪುರು ಸಿಗುತ್ತಾನೆ. ಗಿರೀಶ ಕಾರ್ನಾಡರು ತಮ್ಮ ಮೊದಲ ನಾಟಕಕ್ಕೆ ಆರಿಸಿಕೊಂಡದ್ದೂ ಈ ಅಪ್ಪ–ಮಗನನ್ನೇ. ಇಂದಿಗೂ ಇಲ್ಲಿನ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲನ್ನು ಯಾರಾದರೂ ಅಪ್ಪನನ್ನೋ ಅವ್ವನನ್ನೋ ಬೆನ್ನ ಮೇಲೆ ಹೊತ್ತು ಹತ್ತಿದರೆ ಜನ ದಾರಿ ಬಿಟ್ಟು ಕೈ ಮುಗಿಯುತ್ತಾರೆ, ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ.

ಈ ಕಥೆಗಳಲ್ಲಿ ನಾವು ಮೆಚ್ಚುವ ಮಗ ಒಂದು ದೊಡ್ಡ ಕೆಲಸ ಮಾಡಿದವನು. ತಲೆ ಕೊಟ್ಟ, ರಾಜ್ಯ ಬಿಟ್ಟ, ಯೌವನ ಕೊಟ್ಟ, ಬೆಟ್ಟ ಹತ್ತಿಸಿದ. ಲಕ್ವ ಹೊಡೆದ ಅಪ್ಪ ಹೊರಸಿನ ಮೇಲಿರುವ ಮನೆಯಲ್ಲಿ ಅಂಥ ಒಂದು ದೊಡ್ಡ ದಿನ ಬರುವುದೇ ಇಲ್ಲ. ಅಲ್ಲಿರುವುದು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಒದ್ದೆಯಾದ ಚಾದರ ತೆಗೆದು ಒಣಗಿದ್ದು ಹಾಸುವುದು, ನುಚ್ಚನ್ನು ತೆಳ್ಳಗೂ ಗಟ್ಟಿಯಾಗಿಯೂ ಅಲ್ಲದ ಹದಕ್ಕೆ ಕಲಸುವುದು. ನಾಳೆಯೂ ಅದೇ, ನಾಡಿದ್ದೂ ಅದೇ. ಇದನ್ನು ಮಾಡುವ ಮಗನಿಗೆ ನಮ್ಮಲ್ಲಿ ಕಥೆ ಇಲ್ಲ, ಹಾಡಿಲ್ಲ, ಕಲಿಸುವವರೂ ಇಲ್ಲ. ಇಂದು ಮಾತಾಡಬೇಕಿರುವುದು ಅವನ ಬಗ್ಗೆ.

ಅವನು ಎಲ್ಲಿರುತ್ತಾನೆ ಎಂಬುದನ್ನು ಮೊದಲು ನೋಡೋಣ. ಆನೆಗೊಂದಿ, ಗಂಗಾವತಿಯ ಕಡೆ ನೀರಿದೆ. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಭತ್ತಕ್ಕೆ, ಬಾಳೆಗೆ ನೀರುಣಿಸುತ್ತವೆ. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ ಭತ್ತದ ಕಣಜವೇ ಆಯಿತು. ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಬಹುಪಾಲು ಮಳೆ ನಂಬಿದ ಹೊಲ. ಸುಗ್ಗಿ ಮುಗಿದರೆ ಗುಳೆ. ಬೆಂಗಳೂರಿನ ಸೆಂಟ್ರಿಂಗ್ ಕೆಲಸ, ಗೋವಾ, ಮಂಗಳೂರಿನ ಕಟ್ಟಡ. ಅಪ್ಪ ಊರಲ್ಲಿ, ಮಗ ಶೆಡ್ಡಿನಲ್ಲಿ. ಹೀಗಾಗಿ ಎಷ್ಟೋ ಮಕ್ಕಳಿಗೆ ಸುದ್ದಿ ಮುಟ್ಟುವುದು ಫೋನಿನಲ್ಲಿ: 'ಅಪ್ಪಗ ಲಕ್ವ ಹೊಡದೈತಿ, ಲಗೂನ ಬಾ.'

ಲಕ್ವ ಕೈಕಾಲಿನ ರೋಗವಲ್ಲ, ಮೆದುಳಿನದು. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗ ಸಾಯತೊಡಗುತ್ತದೆ. ಎಡ ಮೆದುಳಿಗೆ ಪೆಟ್ಟು ಬಿದ್ದರೆ ಬಲಗೈ, ಬಲಗಾಲು ಹೋಗುತ್ತವೆ, ಹಲವು ಸಲ ಮಾತೂ ಹೋಗುತ್ತದೆ. ನಾಳ ಕಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ಉಂಟು. ಆದರೆ ಅದನ್ನು ಲಕ್ಷಣ ಕಂಡ ನಾಲ್ಕೂವರೆ ತಾಸಿನೊಳಗೆ, ಅದೂ ತಲೆಯ ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲವೆಂದು ಖಚಿತ ಮಾಡಿಕೊಂಡ ಮೇಲೆ ಮಾತ್ರ ಕೊಡುತ್ತಾರೆ. ಬಾಯಿ ಸೊಟ್ಟಗಾಯಿತು, ಒಂದು ಕೈ ಏಳುತ್ತಿಲ್ಲ, ಮಾತು ತೊದಲುತ್ತಿದೆ ಎಂದು ಕಂಡ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಬೇಕು. ನಾಟಿ ಔಷಧಿಯವರ ಮನೆಗೋ ಎಣ್ಣೆ ತಿಕ್ಕುವವರ ಮನೆಗೋ ಒಯ್ದರೆ ಆ ನಾಲ್ಕೂವರೆ ತಾಸು ಅಲ್ಲೇ ಕಳೆದುಹೋಗುತ್ತದೆ. ಇದನ್ನು ಊರಿನ ಪ್ರತಿ ಕಟ್ಟೆಯಲ್ಲೂ ಹೇಳಬೇಕು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನದು ನಿಜವಾದ ಪಾಡು. ನಮ್ಮ ಕಡೆ ಮೀಸೆ ಬಂದ ಮಗ ಅಪ್ಪನನ್ನು ಮುಟ್ಟುವುದಿಲ್ಲ. ಹಬ್ಬಕ್ಕೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾನೆ, ಅಷ್ಟೇ. ಹೆಗಲ ಮೇಲೆ ಕೈ ಹಾಕುವುದು, ಪಕ್ಕಕ್ಕೆ ಒತ್ತಿ ಕೂರುವುದು ಇಲ್ಲವೇ ಇಲ್ಲ. ಅಪ್ಪ ಬಂದರೆ ಮಗ ಕಟ್ಟೆಯಿಂದ ಏಳುತ್ತಾನೆ. ಮಾತು ಬೇಕಿದ್ದರೆ ಅವ್ವನ ಮೂಲಕ ಹೋಗುತ್ತದೆ. ಹೀಗೆ ಮೂವತ್ತು ನಲವತ್ತು ವರ್ಷ ಬದುಕಿದವನಿಗೆ ಒಂದು ಬೆಳಗ್ಗೆ ಅಪ್ಪನ ಧೋತರ ಬಿಚ್ಚಿ ತೊಳೆಯಬೇಕಾಗುತ್ತದೆ. ಅಪ್ಪನಿಗೆ ಅದು ಸಾವಿಗಿಂತ ದೊಡ್ಡ ಸಂಕಟ. ಮಗನೂ ಕಣ್ಣು ಎಲ್ಲಿ ಇಡಬೇಕೆಂದು ತಿಳಿಯದೆ ಒದ್ದಾಡುತ್ತಾನೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಆ ಕೆಲಸ ಮೆಲ್ಲಗೆ ಮನೆಯ ಹೆಂಗಸರ ಕೈಗೆ ಜಾರುತ್ತದೆ.

ಸೊಸೆಯ ಪಾಲಿಗೆ ಬಂದರೆ ಇನ್ನೂ ಕಷ್ಟ. ಮಾವನೆದುರು ಸೆರಗು ಸರಿಪಡಿಸಿಕೊಂಡು ನಿಲ್ಲಬೇಕಾದವಳು ಅವನ ಮೈ ತೊಳೆಯಬೇಕು. ಅವಳಿಗೂ ಮಾವನಿಗೂ ಅದು ಹಿಂಸೆ, ಆದರೂ ಅದೇ ರೂಢಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಗಂಡಸರಲ್ಲಿ ಆ ಪ್ರಮಾಣ ಶೇ 21.4. ಇದರಲ್ಲಿ ಮಕ್ಕಳ ಆರೈಕೆಯೂ ಸೇರಿದೆ. ಕಾನೂನು ಇನ್ನೊಂದು ಸಂಗತಿ ಹೇಳುತ್ತದೆ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಲ್ಲಿ 'ಮಕ್ಕಳು' ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಆ ಪಟ್ಟಿಯಲ್ಲಿ ಸೊಸೆ ಇಲ್ಲ. ಕಾಯ್ದೆ ಹೊಣೆಯನ್ನು ಹೆತ್ತ ಮಕ್ಕಳ ಮೇಲೆ ಹಾಕಿದೆ, ಮನೆ ಅದನ್ನು ಸೊಸೆಯ ಮೇಲೆ ಹಾಕಿದೆ. ಈ ವಿಷಯದಲ್ಲಿ ನಾನು ಕಾಯ್ದೆಯ ಪರ. ಅಪ್ಪನ ಮೈ ಮಗನ ಕೈಗೆ ಬರಬೇಕು.

ಆನೆಗೊಂದಿಯ ಒಂದು ಓಣಿಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ. ಅಪ್ಪನಿಗೆ ಬಲಭಾಗ ಹೋಗಿತ್ತು. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಬಾಳೆತೋಟದಲ್ಲಿ ಕೂಲಿಗೆ ಹೋಗುತ್ತಿದ್ದ. ಕೂಲಿಗೆ ಹೋಗುವ ಮುಂಚೆ ಅಪ್ಪನಿಗೆ ದಾಡಿ ಮಾಡುತ್ತಿದ್ದ. ಸೋಪಿನ ನೊರೆ ಹಚ್ಚಿ, ಬ್ಲೇಡು ಕೆನ್ನೆಗೆ ಬಂದಾಗ 'ಯಪ್ಪಾ, ದವಡಿ ಉಬ್ಬಸು' ಅಂದ. ಎಡಗೆನ್ನೆ ಉಬ್ಬಿತು. ಬಲಗೆನ್ನೆ ಉಬ್ಬಲಿಲ್ಲ, ಅಲ್ಲಿ ಶಕ್ತಿ ಇರಲಿಲ್ಲ. ಮಗ ತನ್ನ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದು ಬ್ಲೇಡು ಆಡಿಸಿದ. ಮೀಸೆಗೆ ಬಂದಾಗ ಕೈ ನಿಲ್ಲಿಸಿ ಕೇಳಿದ: 'ಸಣ್ಣ ಮಾಡ್ಲೇನು, ಹಂಗ ಬಿಡ್ಲೇನು?' ಅಪ್ಪ ಎಡಗೈ ಎತ್ತಿ ಅಡ್ಡ ಆಡಿಸಿದ. ಮೀಸೆ ಹಾಗೇ ಉಳಿಯಿತು.

ಆ ಪ್ರಶ್ನೆ ಬಹಳ ದೊಡ್ಡದು. ಮಾತು ಹೋದವನಿಗೆ ಬುದ್ಧಿಯೂ ಹೋಗಿದೆ ಎಂದುಕೊಳ್ಳುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಮೆದುಳಿನ ಮಾತಿನ ಜಾಗಕ್ಕೆ ಪೆಟ್ಟಾದರೆ ಹೇಳಬೇಕಾದ ಶಬ್ದ ಬಾಯಿಗೆ ಬರುವುದಿಲ್ಲ. ಆದರೆ ಎಷ್ಟೋ ಜನರಿಗೆ ಎದುರಿನವರು ಆಡುವುದು ತಿಳಿಯುತ್ತಿರುತ್ತದೆ. ಅಂಥವರ ತಲೆಯ ಮೇಲೆಯೇ 'ಇವಗ ಎಷ್ಟು ದಿನ ಅಂತ ಮಾಡೋದು' ಎಂದು ಮಾತಾಡುತ್ತೇವೆ. ಸಾವಕಾಶವಾಗಿ ಒಂದೊಂದೇ ಪ್ರಶ್ನೆ, ಹೌದು–ಅಲ್ಲ ಎಂದು ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆ ಕೇಳಬೇಕು. ಅಂಗಿ ಯಾವುದು, ಹೊರಗೆ ಕಟ್ಟೆಗೆ ಕೂಡ್ರಿಸಲೇ, ಬಂದವರನ್ನು ಒಳಗೆ ಕರೆಯಲೇ. ಈ ಸಣ್ಣ ಸಣ್ಣ ಅಪ್ಪಣೆಗಳನ್ನು ಕಳೆದುಕೊಂಡ ಅಪ್ಪ ಬೇಗ ಕುಸಿಯುತ್ತಾನೆ. ಲಕ್ವ ಹೊಡೆದವರಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ; ಅದಕ್ಕೂ ಔಷಧಿ ಇದೆ.

ಇನ್ನೊಂದು ಸಂಗತಿ ಮಕ್ಕಳನ್ನು ನಡುಗಿಸುತ್ತದೆ. ಜನ್ಮದಲ್ಲಿ ಕಣ್ಣೀರು ಹಾಕದ ಅಪ್ಪ ಈಗ ಸುಮ್ಮಸುಮ್ಮನೆ ಅಳುತ್ತಾನೆ. ಮೊಮ್ಮಗ ಬಂದರೆ ಅಳು, ಚಹಾ ಕೊಟ್ಟರೆ ಅಳು. ಕೆಲವೊಮ್ಮೆ ಸಾವಿನ ಸುದ್ದಿಗೆ ನಗು. ತಾನೇನೋ ತಪ್ಪು ಮಾಡಿದೆನೇನೋ ಎಂದು ಮಗ ಕೊರಗುತ್ತಾನೆ. ಅಳು, ನಗುವನ್ನು ಹಿಡಿತದಲ್ಲಿಡುವ ಮೆದುಳಿನ ದಾರಿಗೆ ಪೆಟ್ಟಾದರೆ ಹೀಗಾಗುತ್ತದೆ. ಒಳಗಿನ ದುಃಖಕ್ಕೂ ಹೊರಗಿನ ಅಳುವಿಗೂ ಅಳತೆ ತಪ್ಪಿರುತ್ತದೆ. ಗದರಿಸಬಾರದು, ಗಾಬರಿಯಾಗಬಾರದು, ಮಾತು ಬೇರೆ ಕಡೆ ತಿರುಗಿಸಿದರೆ ಹಲವು ಸಲ ನಿಲ್ಲುತ್ತದೆ. ವೈದ್ಯರಿಗೆ ಹೇಳಿದರೆ ಇದಕ್ಕೂ ಮಾತ್ರೆ ಇದೆ. ಯಾರೂ ಹೇಳದಿರುವುದರಿಂದ ಮಗ ಕೇಳುವುದಿಲ್ಲ.

ಎತ್ತುವುದೂ ಒಂದು ವಿದ್ಯೆ. ನಾವು ಎತ್ತುವುದು ಹೇಗೆ? ಇಬ್ಬರು ನಿಂತು ಎರಡೂ ರಟ್ಟೆ ಹಿಡಿದು ಎಳೆಯುತ್ತೇವೆ. ಸೋತ ಕೈಯ ಭುಜವನ್ನು ಕೀಲಿನಲ್ಲಿ ಹಿಡಿದಿಡುವ ಸ್ನಾಯುಗಳೇ ಸತ್ವ ಕಳೆದುಕೊಂಡಿರುತ್ತವೆ. ಎಳೆದರೆ ಭುಜ ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ಮೊದಲು ಹೊರಸಿನ ಅಂಚಿಗೆ ಕೂಡ್ರಿಸಿ ಎರಡೂ ಪಾದ ನೆಲಕ್ಕೆ ಊರಿಸಬೇಕು. ಮಗ ಎದುರು ನಿಂತು ತನ್ನ ಮಂಡಿಯನ್ನು ಅಪ್ಪನ ಸೋತ ಮಂಡಿಗೆ ಒತ್ತು ಕೊಡಬೇಕು, ಸೊಂಟದ ಹತ್ತಿರ ಹಿಡಿಯಬೇಕು, ಅಪ್ಪನನ್ನು ಮುಂದಕ್ಕೆ ಬಾಗಿಸಿ 'ಏಳೋಣು' ಎಂದು ಹೇಳಿಯೇ ಎಬ್ಬಿಸಬೇಕು. ಕುರ್ಚಿ ಶಕ್ತಿ ಇರುವ ಬದಿಗಿರಲಿ. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಉಣಿಸುವಾಗ ನೆಟ್ಟಗೆ ಕೂಡ್ರಿಸಿ, ಸಣ್ಣ ತುತ್ತು, ಶಕ್ತಿ ಇರುವ ದವಡೆಯ ಕಡೆಗೆ; ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ನೀರು ಕುಡಿದಾಗ ಕೆಮ್ಮು ಬರುತ್ತಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತಿದೆ ಎಂದು ತಿಳಿದು ವೈದ್ಯರಿಗೆ ತೋರಿಸಬೇಕು. ಇಂಥವರನ್ನು ನ್ಯುಮೋನಿಯಾ ಒಯ್ಯುವುದೇ ಹೆಚ್ಚು. ದಿನಕ್ಕೊಮ್ಮೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಕೆಂಪು ಕಂಡ ದಿನವೇ ಎಚ್ಚರಾದರೆ ಹುಣ್ಣು ತಪ್ಪುತ್ತದೆ. ಕೈಕಾಲಿನ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಎಲ್ಲಕ್ಕಿಂತ ಚುರುಕು, ಆಮೇಲೆ ನಿಧಾನ. 'ಸ್ವಲ್ಪ ಸುಧಾರಿಸಲಿ, ಆಮೇಲೆ ವ್ಯಾಯಾಮ' ಎಂದು ಕಾದವರು ಆ ಮೂರು ತಿಂಗಳನ್ನೇ ಕಳೆದುಕೊಳ್ಳುತ್ತಾರೆ.

ಮನೆಗಳೂ ಇದಕ್ಕೆ ತಕ್ಕಂತಿಲ್ಲ. ಎತ್ತರದ ಕಟ್ಟೆ, ಎತ್ತರದ ಹೊಸ್ತಿಲು, ಹಿತ್ತಲ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ. ಆನೆಗೊಂದಿಯಂಥ ಊರುಗಳು ಹಂಪಿ ವಿಶ್ವಪರಂಪರೆ ಪ್ರದೇಶದೊಳಗೆ ಬರುವುದರಿಂದ ಹೊಸದಾಗಿ ಏನು ಕಟ್ಟಬೇಕಿದ್ದರೂ ಪ್ರಾಧಿಕಾರದ ಅನುಮತಿಯ ಮಾತು ಬರುತ್ತದೆ. ಪರಂಪರೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಒಬ್ಬ ಮುದುಕನ ಗಾಲಿಕುರ್ಚಿ ಏರಲು ಬೇಕಾದ ಇಳಿಜಾರಿಗೆ, ಒಂದು ಕಮೋಡಿಗೆ ಅಲೆದಾಟವಿಲ್ಲದ ಅನುಮತಿ ಸಿಗಬೇಕು ಎಂಬುದರಲ್ಲೂ ಎರಡು ಮಾತಿರಬಾರದು. ಅಲ್ಲಿಯವರೆಗೆ ಜನ ಪ್ಲಾಸ್ಟಿಕ್ ಕುರ್ಚಿಯ ನಡುವೆ ರಂಧ್ರ ಕೊಯ್ದು ಕೆಳಗೆ ಬಕೆಟ್ ಇಡುತ್ತಾರೆ. ಒಳ್ಳೆಯ ಉಪಾಯವೇ, ಕೊಯ್ದ ಅಂಚಿಗೆ ಬಟ್ಟೆ ಸುತ್ತಿ, ಕುರ್ಚಿ ಗೋಡೆಗೆ ಒತ್ತಿಡಿ.

ಇಲ್ಲಿಯವರೆಗೆ ಪ್ರೀತಿಯ ಮಕ್ಕಳ ಮಾತಾಯಿತು. ಎಲ್ಲ ಅಪ್ಪಂದಿರೂ ಪ್ರೀತಿಗೆ ಪಾತ್ರರಾಗಿ ಬದುಕಿದವರಲ್ಲ. ಕುಡಿದು ಬಂದು ಅವ್ವನನ್ನು ಬಡಿದವರಿದ್ದಾರೆ, ಮಗನ ಶಾಲೆ ಬಿಡಿಸಿ ಜೀತಕ್ಕೆ ಇಟ್ಟವರಿದ್ದಾರೆ, ಎರಡನೇ ಸಂಸಾರಕ್ಕೆ ಹೊಲ ಬರೆದವರಿದ್ದಾರೆ. ಅಂಥ ಅಪ್ಪ ಇಂದು ಹೊರಸಿನ ಮೇಲೆ ಬಿದ್ದು ಮಗನ ಕೈ ಕಾಯುತ್ತಾನೆ. 'ಎಷ್ಟಾದರೂ ಹೆತ್ತ ಅಪ್ಪ' ಎಂದು ಬಂಧುಗಳು ಹೇಳಿ ಹೋಗುತ್ತಾರೆ, ರಾತ್ರಿ ಎದ್ದು ಮಗ್ಗಲು ಬದಲಿಸುವವನು ಒಬ್ಬನೇ. ಅವನಿಗೆ ನನ್ನದೊಂದು ಮಾತಿದೆ: ಕ್ಷಮಿಸದೆಯೂ ನೋಡಿಕೊಳ್ಳಬಹುದು. ಕಂಪಿಲರಾಯನ ಕಥೆಯಲ್ಲಿ ತಲೆ ಕೇಳಿದ ಅಪ್ಪನಿಗಾಗಿ ಮಗ ಹಿಂತಿರುಗಿ ಬಂದ. ಬಂದವನ ಎದೆಯಲ್ಲಿ ನೋವು ಉಳಿದಿರಲಿಲ್ಲ ಎಂದು ನಾವು ನಂಬಬೇಕಾಗಿಲ್ಲ. ತಪ್ಪು ಮಾಡಿದವನ ಹುಣ್ಣನ್ನೂ ತೊಳೆಯಬೇಕು, ಹಸಿವಿಗೆ ಅನ್ನ ಕೊಡಬೇಕು. ಅದರಾಚೆಗೆ ಪ್ರೀತಿ ಬಂದರೆ ಬರಲಿ, ಬಾರದಿದ್ದರೆ ಮಗನನ್ನು ಯಾರೂ ದೂರಬಾರದು. ತನ್ನಿಂದ ಆಗುವುದೇ ಇಲ್ಲ ಎನ್ನುವವನು ಹಣ ಕೊಟ್ಟು ಬೇರೊಬ್ಬರನ್ನು ಇಟ್ಟರೆ ಅದೂ ಆರೈಕೆಯೇ.

ಕೆಲವು ಮಕ್ಕಳಿಗೆ ಅಪ್ಪ ಯಾರೆಂದು ತಿಳಿಯುವುದೇ ಈ ಹೊತ್ತಿನಲ್ಲಿ. 2016ರಲ್ಲಿ ಬಂದ ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಮರೆವಿನ ರೋಗದ ಅಪ್ಪನಾಗಿ ಅನಂತನಾಗ್ ಕಳೆದುಹೋಗುತ್ತಾರೆ. ಹುಡುಕುತ್ತ ಹೋದ ಮಗನಿಗೆ ಅಪ್ಪನ ಬಾಳು ಒಂದೊಂದಾಗಿ ತಿಳಿಯುತ್ತದೆ. ಲಕ್ವದ ಮನೆಯಲ್ಲೂ ಹಾಗಾಗುತ್ತದೆ. ಬೆನ್ನು ತೊಳೆಯುವಾಗ ಹಳೆಯ ಗಾಯದ ಗುರುತು ಕಾಣುತ್ತದೆ, ಇದು ಯಾವಾಗಿನದು ಎಂದು ಅವ್ವನನ್ನು ಕೇಳಿದರೆ ಕಾಲುವೆ ಕೆಲಸದ ದಿನಗಳ ಒಂದು ಕಥೆ ಹೊರಬರುತ್ತದೆ.

ಇನ್ನು ದುಡ್ಡಿನ ವಿಷಯ. ಮಕ್ಕಳು ನೋಡಿಕೊಳ್ಳದಿದ್ದರೆ ಹೆತ್ತವರು 2007ರ ಕಾಯ್ದೆಯಡಿ ನಮ್ಮಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು; ವಕೀಲರು ಬೇಕಿಲ್ಲ, ನೋಟಿಸು ಹೋದ 90 ದಿನದೊಳಗೆ ತೀರ್ಮಾನವಾಗಬೇಕು. ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶದ ಪರಮಾವಧಿ ತಿಂಗಳಿಗೆ 10,000 ರೂಪಾಯಿ. ಬಿಟ್ಟು ಹೋದ ಮಕ್ಕಳಿಗೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. 23ನೇ ಸೆಕ್ಷನ್ನು ಹೊಲಮನೆ ಇರುವವರಿಗೆ ಮುಖ್ಯ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಷರತ್ತು ಇದ್ದುದನ್ನು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. 2025ರ ಜನವರಿಯ ಇನ್ನೊಂದು ತೀರ್ಪು ಕಾಯ್ದೆಯನ್ನು ಹಿರಿಯರ ಹಿತಕ್ಕೆ ಉದಾರವಾಗಿ ಓದಬೇಕು ಎಂದಿತು. ದಾನಪತ್ರ ಬರೆಯುವ ಅಪ್ಪಂದಿರು 'ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು' ಎಂಬ ಸಾಲನ್ನು ಪತ್ರದಲ್ಲೇ ಬರೆಸುವುದು ಒಳ್ಳೆಯದು. ಒಳ್ಳೆಯ ಮಗನಿಗೆ ಆ ಸಾಲಿನಿಂದ ನಷ್ಟವಿಲ್ಲ.

ಪಿಂಚಣಿಯ ದಾರಿ ಹೀಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ. ಲಕ್ವದಿಂದ ಉಳಿದ ಕೈಕಾಲಿನ ದೋಷ ಚಲನ ವೈಕಲ್ಯದಲ್ಲಿ ಬರುತ್ತದೆ. ಶೇ 40 ದಾಟಿದರೆ ಸವಲತ್ತು. ರಾಜ್ಯದಲ್ಲಿ ಶೇ 75ರವರೆಗೆ ತಿಂಗಳಿಗೆ 800, ಅದಕ್ಕೂ ಮೇಲಿದ್ದರೆ 1,400 ರೂಪಾಯಿ. 65 ದಾಟಿದವರ ಸಂಧ್ಯಾ ಸುರಕ್ಷಾ 1,200. ಎರಡೂ ಒಟ್ಟಿಗೆ ಸಿಗುವುದಿಲ್ಲ, ಯಾವುದು ಹೆಚ್ಚೆಂದು ನೋಡಿ ಅರ್ಜಿ ಹಾಕಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗುರುತಿನ ಚೀಟಿಯಿಂದ ಗಾಲಿಕುರ್ಚಿಯವರೆಗೆ ಅವರನ್ನೇ ಮೊದಲು ಕೇಳಬೇಕು. 'ನನ್ನನ್ನ ಅಂಗವಿಕಲ ಅಂತ ಬರಸ್ತೀಯೇನು' ಎಂದು ಮುನಿಯುವ ಅಪ್ಪನಿಗೆ, ಬೆವರು ಸುರಿಸಿ ದುಡಿದವನಿಗೆ ಸರ್ಕಾರ ಕೊಡಬೇಕಾದ ಬಾಕಿ ಇದು ಎಂದು ಹೇಳಿ ಒಪ್ಪಿಸಬೇಕು.

ಆದರೆ ಕೂಲಿ ಬಿಟ್ಟು ಮನೆಯಲ್ಲಿ ಉಳಿದ ಮಗನ ಲೆಕ್ಕ ಎಲ್ಲಿಯೂ ಇಲ್ಲ. 2024–25ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿತು. ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆ ಮಾಡುವವರಿಗೆ. ಆರೈಕೆಯೂ ದುಡಿಮೆ ಎಂದು ಸರ್ಕಾರ ಒಪ್ಪಿದ್ದು ಸಣ್ಣ ಮಾತಲ್ಲ. ಲಕ್ವ ಹೊಡೆದು ಹಾಸಿಗೆ ಹಿಡಿದವರ ಮನೆಗೂ ಅದು ಬರಬೇಕು. ಬೀದರ್‌ನಿಂದ ಬಳ್ಳಾರಿಯವರೆಗೆ ಗುಳೆ ಹೋಗುವ ಸೀಮೆಯಲ್ಲಿ ಒಬ್ಬ ಮಗ ಊರಲ್ಲಿ ಉಳಿದ ಅಂದರೆ ಆ ಮನೆಯ ಒಂದು ದುಡಿಮೆ ನಿಂತಿತು ಎಂದೇ ಅರ್ಥ.

ಇದಕ್ಕೂ ಕಡಿಮೆ ಖರ್ಚಿನ ಕೆಲಸ ಒಂದಿದೆ. ಲಕ್ವದ ರೋಗಿಯನ್ನು ಮನೆಗೆ ಕಳಿಸುವ ದಿನ ಆಸ್ಪತ್ರೆಯವರು ಮಗನನ್ನು ಒಂದು ತಾಸು ನಿಲ್ಲಿಸಿಕೊಳ್ಳಲಿ. ಎತ್ತುವುದು, ಮಗ್ಗಲು ಬದಲಿಸುವುದು, ಉಣಿಸುವುದು, ಈ ಮೂರನ್ನು ಫಿಸಿಯೋಥೆರಪಿಸ್ಟ್ ಅಥವಾ ನರ್ಸ್ ಅವನ ಕೈಯಿಂದಲೇ, ಅವನ ಅಪ್ಪನ ಮೇಲೆಯೇ ಮಾಡಿಸಿ ತೋರಿಸಲಿ. ಮಗ ಗುಳೆಯಲ್ಲಿದ್ದರೆ ಬರುವವರೆಗೆ ಒಂದು ದಿನ ಕಾಯಲಿ. 'ನೀವು ಹೊರಗೆ ಹೋಗಿ, ಅವ್ವಾರನ್ನ ಕಳಿಸ್ರಿ' ಎಂದು ಗಂಡಸನ್ನು ವಾರ್ಡಿನಿಂದ ಆಚೆ ಕಳಿಸುವ ರೂಢಿ ನಿಲ್ಲಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಲಿ: ಮನೆಯಲ್ಲಿ ನೋಡಿಕೊಳ್ಳುವವರಿಗೆ ಕಲಿಸಲಾಗಿದೆಯೇ, ಕಲಿತವರು ಯಾರು, ಸಹಿ.